ಸೋರುವ ಮಾಳಿಗೆಯ ಚರಿತ್ರೆ

ಅರಸರ ಚರಿತ್ರೆ ಶಾಸನಗಳಲ್ಲಿ ಸಿಗುತ್ತದೆ. ಸಾಮಾನ್ಯರ ಮನೆಯ ಚರಿತ್ರೆ ಬೇಕೆಂದರೆ ತಲೆಯೆತ್ತಿ ಚಾವಣಿಯನ್ನು ನೋಡಬೇಕು. ಹಳೆಯ ಮನೆಗಳ ಚಾವಣಿಯಲ್ಲಿ ಕಂದು ಬಣ್ಣದ ಉಂಗುರಗಳು ಒಂದರ ಸುತ್ತ ಒಂದು ಹಬ್ಬಿರುತ್ತವೆ. ಚಾವಣಿ ನೆನೆದು ಒಣಗಿದಾಗಲೆಲ್ಲ ಒಂದೊಂದು ಅಂಚು ಉಳಿಯುತ್ತದೆ. ಆ ಅಂಚಿನಾಚೆ ಕಪ್ಪು ಬೂಷ್ಟು ಕಾಣಿಸಿಕೊಂಡರೆ ನೀರು ಹಲವು ಕಾಲದಿಂದ ಅಲ್ಲಿ ಬೀಡುಬಿಟ್ಟಿದೆ ಎಂದೇ ಅರ್ಥ.

ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ತತ್ವಪದವಾಗಿಸಿದಾಗ ಕೇಳುಗರಿಗೆ ಆ ರೂಪಕವನ್ನು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಾವು ಅದರಲ್ಲಿ ದೇಹವನ್ನೂ ಮನಸ್ಸನ್ನೂ ಕಾಣುತ್ತೇವೆ. ಆ ಸೀಮೆಯ ಜನ ಮೊದಲು ತಮ್ಮ ಮನೆಯನ್ನೇ ಕಂಡಿರಬೇಕು. ಬಯಲುಸೀಮೆಯ ಮಣ್ಣಿನ ಮಾಳಿಗೆ ಸೋರುವುದು ಅಪರೂಪದ ಅವಘಡವಾಗಿರಲಿಲ್ಲ, ವರ್ಷವರ್ಷವೂ ಎದುರಿಸಬೇಕಾದ ಸಂಗತಿಯಾಗಿತ್ತು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ, ಅದರ ಮೇಲೆ ಕಡ್ಡಿ-ಸೊಪ್ಪಿನ ಹಾಸು, ಎಲ್ಲಕ್ಕೂ ಮೇಲೆ ಮಣ್ಣು. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ನಾಡಿಗೆ ಇದು ಸಾಕಾಗಿತ್ತು. 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಇದು ನಿಲ್ಲುತ್ತಿರಲಿಲ್ಲ. ಅಲ್ಲಿ ಇಳಿಜಾರಿನ ಮಾಡು ಬೇಕು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅಲ್ಲಿನ ಮುಳಿಹುಲ್ಲಿನ ಮಾಡುಗಳ ಜಾಗಕ್ಕೆ ಒಂದಕ್ಕೊಂದು ಕಚ್ಚಿ ಕೂರುವ ಕೆಂಪು ಹೆಂಚು ಕ್ರಮೇಣ ಬಂತು.

ಮಾಳಿಗೆಯ ರಹಸ್ಯ ಕರಲು ಮಣ್ಣಿನಲ್ಲಿತ್ತು. ಬೆಳೆಗೆ ಬಾರದ ಈ ಸವಳು ಮಣ್ಣನ್ನು ಮಳೆಗಾಲಕ್ಕೆ ಮುಂಚೆ ತಂದು ಮಾಳಿಗೆಯ ಮೇಲೆ ಹರಡುತ್ತಿದ್ದರು. ಇದರಲ್ಲಿರುವ ಸೋಡಿಯಂ ಅಂಶದಿಂದ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಚದುರಿ ಸಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ರೈತನನ್ನು ಕಾಡುವ ಗುಣವೇ ಮನೆಯ ಮೇಲೆ ವರವಾಯಿತು. ಆದರೆ ಮಳೆ ಈ ಪದರವನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಮರುವರ್ಷ ಮತ್ತೆ ಮಣ್ಣು ಹೊರಬೇಕು. ಆ ಮಾಳಿಗೆಯನ್ನು ಉಳಿಸಿದ್ದು ಈ ಮರುಕಳಿಸುವ ದುಡಿಮೆ.

ಊರು ಬೆಳೆದು ಪೇಟೆಯಾದಲ್ಲಿ ಗಾರೆಯ ತಾರಸಿ ಬಂತು. 1890ರ ದಶಕದಲ್ಲಿ ರೂಪುಗೊಂಡು, 1898ರ ಪ್ಲೇಗಿನ ನಂತರ ಬೆಳೆದ ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳ ಹಳೆಯ ಮನೆಗಳಲ್ಲಿ ಇದನ್ನು ಈಗಲೂ ಕಾಣಬಹುದು. ‘ಮದ್ರಾಸ್ ಟೆರೇಸ್’ ಎಂಬುದು ಇದರ ಹೆಸರು. ಮರದ ತೊಲೆಗಳ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗಿ ಜೋಡಿಸಿ, ಸುಣ್ಣದ ಗಾರೆಯಿಂದ ಬೆಸೆಯುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟು. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಚಿಮುಕಿಸುತ್ತ, ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿದು ಅದನ್ನು ಗಟ್ಟಿಮಾಡುತ್ತಿದ್ದರು. ಸಾಲಾಗಿ ಕುಳಿತು ಬಡಿಯುತ್ತಿದ್ದವರಲ್ಲಿ ಹೆಂಗಸರೇ ಹೆಚ್ಚು. ಮನೆಯ ಹಣೆಯ ಮೇಲೆ ಕಟ್ಟಿಸಿದವರ ಹೆಸರೂ ಇಸವಿಯೂ ಇರುತ್ತವೆ. ಬಡಿದವರ ಹೆಸರು ಎಲ್ಲಿಯೂ ಇಲ್ಲ.

ಸುಣ್ಣಕ್ಕೆ ಎರಡು ಗುಣಗಳಿವೆ. ಒಂದು, ಅದು ತೇವವನ್ನು ಹೀರಿಕೊಂಡರೂ ಗಾಳಿಗೆ ಮರಳಿ ಬಿಟ್ಟುಕೊಡುತ್ತದೆ. ಇನ್ನೊಂದು, ಕೂದಲೆಳೆಯಷ್ಟು ಬಿರುಕು ಬಿಟ್ಟರೆ ನೀರಿನಲ್ಲಿ ಕರಗಿದ ಸುಣ್ಣ ಅಲ್ಲಿಯೇ ಹರಳುಗಟ್ಟಿ ಅದನ್ನು ತಕ್ಕಮಟ್ಟಿಗೆ ಮುಚ್ಚುತ್ತದೆ. ಹಬ್ಬಕ್ಕೆ ಮುಂಚೆ ಗೋಡೆ, ಚಾವಣಿಗಳಿಗೆ ಸುಣ್ಣ ಬಳಿಯುತ್ತಿದ್ದುದು ಅಂದಕ್ಕಷ್ಟೇ ಅಲ್ಲ. ಹೊಸ ಸುಣ್ಣದ ತೀವ್ರ ಕ್ಷಾರದಲ್ಲಿ ಬೂಷ್ಟು ಬೇರೂರಲಾರದು. ಗಾಳಿ ತಾಗುತ್ತ ಆ ಕ್ಷಾರ ಕುಗ್ಗುತ್ತದೆ, ಆದ್ದರಿಂದ ಮತ್ತೆ ಬಳಿಯಬೇಕು. ಇಲ್ಲಿಯೂ ಅದೇ ವಾರ್ಷಿಕ ದುಡಿಮೆ.

ಆಮೇಲೆ ಸಿಮೆಂಟು ಬಂತು. ಇಂಗ್ಲೆಂಡಿನ ಜೋಸೆಫ್ ಆಸ್ಪ್ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಹಕ್ಕುಪತ್ರ ಪಡೆದ. 1914ರಲ್ಲಿ ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಸತೊಡಗಿತು. 1930ರ ದಶಕದ ಕೊನೆಗೆ ನಮ್ಮ ಭದ್ರಾವತಿಯಲ್ಲೂ ಸಿಮೆಂಟು ತಯಾರಾಯಿತು. ಸಿಮೆಂಟಿನ ಜೊತೆ ಒಂದು ಹೊಸ ಆಸೆಯೂ ಬಂತು: ಒಮ್ಮೆ ಮಾಡಿದರೆ ಮತ್ತೆ ತಿರುಗಿ ನೋಡಬೇಕಿಲ್ಲ. ಹೊಸ ಮನೆಗೆ ಇದು ಸರಿಹೋದೀತು. ಹಳೆಯ ಗಾರೆ ತಾರಸಿಯ ಬಿರುಕಿಗೆ ಸಿಮೆಂಟು ಮೆತ್ತಿದಾಗ ತೊಂದರೆ ಶುರುವಾಯಿತು. ಮರ, ಸುಣ್ಣಗಳು ಬಿಸಿಲಿಗೆ ಮಳೆಗೆ ಅಷ್ಟಿಷ್ಟು ಹಿಗ್ಗಿ ಕುಗ್ಗುತ್ತವೆ. ಬಿಗಿಯಾದ ಸಿಮೆಂಟು ಅವುಗಳ ಜೊತೆ ಹೊಂದಿಕೊಳ್ಳದೆ ಪಕ್ಕದಲ್ಲೇ ಹೊಸ ಬಿರುಕು ಬಿಡುತ್ತದೆ. ಒಳಹೊಕ್ಕ ನೀರಿಗೆ ಮೇಲಕ್ಕೆ ಆರಿಹೋಗುವ ದಾರಿ ಮುಚ್ಚಿರುತ್ತದೆ. ಕೆಳಗಡೆ ಪ್ಲಾಸ್ಟಿಕ್ ಅಂಶದ ಬಣ್ಣ ಬಳಿದಿದ್ದರೆ ಆ ದಾರಿಯೂ ಇಲ್ಲ. ನಡುವೆ ಸಿಕ್ಕ ತೇವ ತೊಲೆಯ ತುದಿಯನ್ನು ಕೊಳೆಸುತ್ತದೆ, ಚಾವಣಿಗೆ ಬೂಷ್ಟು ಹಿಡಿಸುತ್ತದೆ. ಸೋರಿಕೆ ನಿಲ್ಲಲಿಲ್ಲವೆಂದು ಇನ್ನೊಂದು ಪದರ ಹಾಕಿಸುತ್ತಾರೆ. ನಾಲ್ಕು ಅಂಗುಲ ದಪ್ಪದ ಕಾಂಕ್ರೀಟು ಒಂದು ಚದರ ಮೀಟರಿಗೆ 200 ಕಿಲೋಗೂ ಹೆಚ್ಚು ತೂಗುತ್ತದೆ. ಅದನ್ನು ಹೊರಬೇಕಾದದ್ದು ಅದೇ ಕೊಳೆತ ತೊಲೆ.

ಬೂಷ್ಟನ್ನು ಒರೆಸಿ ಬಣ್ಣ ಬಳಿಯುವುದು ದುರಸ್ತಿಯಲ್ಲ. ತೇವ ಇರುವವರೆಗೆ ಅದು ಮರಳಿ ಬರುತ್ತದೆ, ಅದರ ಕಣಗಳು ಉಬ್ಬಸ ಇರುವವರನ್ನು ಕಾಡುತ್ತವೆ. ಹಳೆಯ ಕೆಲಸಗಾರರ ಕ್ರಮ ಮೇಲಿನಿಂದ ಶುರುವಾಗುತ್ತಿತ್ತು. ನೀರು ಹೊರಹೋಗುವ ಕೊಳವೆಯ ಕಸ ತೆಗೆಯುವುದು, ಸಂದಿಯಲ್ಲಿ ಹುಟ್ಟಿದ ಅರಳಿ ಗಿಡವನ್ನು ಬೇರುಸಹಿತ ಕೀಳುವುದು, ನೀರು ನಿಲ್ಲುವ ತಗ್ಗನ್ನು ಇಳಿಜಾರು ಮಾಡುವುದು, ಬಿರುಕನ್ನು ಸುಣ್ಣದ ಗಾರೆಯಿಂದಲೇ ತುಂಬುವುದು. ಆಮೇಲೆ ಪೂರ್ತಿ ಒಣಗಲು ಬಿಡಬೇಕು. ಮೂಗು ಬಾಯಿ ಮುಚ್ಚಿಕೊಂಡು ಬೂಷ್ಟು ಹಿಡಿದ ಗಾರೆಯನ್ನು ಕೆರೆದು ತೆಗೆದು, ತೊಲೆಯ ತುದಿ ಗಟ್ಟಿಯಿದೆಯೇ ಎಂದು ಚುಚ್ಚಿ ನೋಡಿ, ಕೊನೆಗೆ ಒಳಗಿನ ಗಾರೆ, ಸುಣ್ಣ.

ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ಮಣ್ಣಿನ ಮಾಳಿಗೆ ಕುಸಿದು ಜನ ಸತ್ತಿದ್ದಾರೆ. 2019ರ ಆಗಸ್ಟಿನ ನೆರೆಯಲ್ಲಿ ಉತ್ತರ ಕರ್ನಾಟಕದ ಮಣ್ಣಿನ ಮನೆಗಳು ಊರೂರುಗಳಲ್ಲಿ ನೆಲಕಚ್ಚಿದವು. ಮಣ್ಣು ಹೊತ್ತವರಿಗೂ ಗಾರೆ ಬಡಿದವರಿಗೂ ಆ ಕೆಲಸ ಹಾಡಿನಷ್ಟು ಹಗುರವಾಗಿರಲಿಲ್ಲ. ಅದನ್ನು ಬಿಟ್ಟು ಬೇರೆ ದುಡಿಮೆ ಹುಡುಕಿಕೊಂಡವರನ್ನು ದೂರಲಾಗದು. ಮನೆಮಂದಿ ಪಾಲಾಗಿ, ಮಕ್ಕಳು ಪಟ್ಟಣ ಸೇರಿ, ಮಳೆಗೆ ಮುಂಚೆ ಮಾಳಿಗೆ ಹತ್ತುವವರೇ ಇಲ್ಲದಾದರು. ಇಂದು ಚಾವಣಿಯ ಕಲೆಯೊಂದನ್ನು ತೋರಿಸಿ ಇಡೀ ಮನೆಯನ್ನು ಕೆಡವಲು ಸಲಹೆ ಕೊಡುವವರು ಸುಲಭವಾಗಿ ಸಿಗುತ್ತಾರೆ. ಸುಣ್ಣದ ಕೆಲಸ ಬಲ್ಲ ಗಾರೆಯವರು ಸಿಗುವುದು ಕಷ್ಟ.

ಹಳೆಯ ಮಾಳಿಗೆ ಸೋರುತ್ತಿರಲಿಲ್ಲ ಎನ್ನುವುದು ಸುಳ್ಳು. ಅದು ಸೋರುತ್ತಿತ್ತು, ಅದನ್ನು ಸರಿಪಡಿಸಲು ಬರುತ್ತಿತ್ತು. ಕೆರೆಯ ಹೂಳಿನಂತೆ, ದೇವಳದ ಗೋಪುರದಂತೆ ಅದೂ ಪ್ರತಿವರ್ಷ ಯಾರದೋ ಕೈಯನ್ನು ಕೇಳುತ್ತಿತ್ತು. ಆ ಕೈಗೆ ತಕ್ಕ ಕೂಲಿ ಕೊಟ್ಟು ಉಳಿಸಿಕೊಳ್ಳದಿದ್ದರೆ ಬಸವನಗುಡಿಯ ತಾರಸಿಯೂ ಶಿಗ್ಗಾಂವಿ ಸೀಮೆಯ ಮಾಳಿಗೆಯೂ ತತ್ವಪದದಲ್ಲಿ ಮಾತ್ರ ಉಳಿಯುತ್ತವೆ. ಆಗ ಕೇಳುವವರಿಗೆ ಆ ರೂಪಕವನ್ನು ಬಿಡಿಸಿ ಹೇಳಲೇಬೇಕಾಗುತ್ತದೆ.