ಕವಚದ ಹೊರಗಿನ ಡಿಸ್ಕ್: ಆಲ್-ಇನ್-ಒನ್ ಕಂಪ್ಯೂಟರ್‌ನ ಸಂಗ್ರಹದ ಚರಿತ್ರೆ

ಪರದೆ, ಪ್ರೊಸೆಸರ್, ಡಿಸ್ಕ್ ಎಲ್ಲವನ್ನೂ ಒಂದೇ ಕವಚದಲ್ಲಿ ಅಡಕ ಮಾಡಿದ ಆಲ್-ಇನ್-ಒನ್ ಕಂಪ್ಯೂಟರ್ ಮೇಜಿನ ಮೇಲೆ ಕಡಿಮೆ ಜಾಗ ಹಿಡಿಯುತ್ತದೆ, ತಂತಿಗಳ ಗೋಜಲೂ ಇರುವುದಿಲ್ಲ. ಆದರೆ ಒಳಗಿನ ಡಿಸ್ಕ್ ತುಂಬಿದಾಗ ಕವಚ ಬಿಚ್ಚಿ ಇನ್ನೊಂದನ್ನು ಕೂರಿಸುವುದು ಸಾಮಾನ್ಯ ಬಳಕೆದಾರರಿಗೆ ಆಗದ ಕೆಲಸ. ಉಳಿಯುವ ದಾರಿ ಹೊರಗೆ ಜೋಡಿಸುವ ಡಿಸ್ಕ್ ಒಂದೇ. ಆಪಲ್ ಕಂಪನಿಯ ಮ್ಯಾಕಿಂಟಾಷ್ ಮತ್ತು ಐಮ್ಯಾಕ್ ಯಂತ್ರಗಳಲ್ಲಿ ಈ ಕಥೆ 1984ರಿಂದ ಇಂದಿನವರೆಗೂ ಸಿಗುತ್ತದೆ. ಇಷ್ಟು ವರ್ಷಗಳಲ್ಲಿ ಹೊರ ಡಿಸ್ಕ್‌ನ ಆಯ್ಕೆಯನ್ನು ಡಿಸ್ಕ್‌ನ ಗಾತ್ರಕ್ಕಿಂತ ಹೆಚ್ಚಾಗಿ ಯಂತ್ರದ ಬೆನ್ನಿಗಿದ್ದ ಪೋರ್ಟೇ ನಿರ್ಧರಿಸಿದೆ.

1984ರ ಜನವರಿಯಲ್ಲಿ ಬಂದ ಮೊದಲ ಮ್ಯಾಕಿಂಟಾಷ್‌ನಲ್ಲಿ 9 ಇಂಚಿನ ಪರದೆ, 128 ಕೆಬಿ ಮೆಮೊರಿ, 400 ಕೆಬಿಯ ಒಂದು ಫ್ಲಾಪಿ ಡ್ರೈವ್ ಇದ್ದವು. ಹಾರ್ಡ್ ಡಿಸ್ಕ್ ಇರಲಿಲ್ಲ. ಕವಚದ ಸ್ಕ್ರೂಗಳನ್ನು ಬಿಚ್ಚಲು ಉದ್ದ ಹಿಡಿಯ ವಿಶೇಷ ಸ್ಕ್ರೂಡ್ರೈವರ್ ಬೇಕಾಗಿತ್ತು. ಒಳಗೆ ಕೈ ಹಾಕಬಾರದೆಂಬುದೇ ತಯಾರಕರ ಇಚ್ಛೆ. ಆಪರೇಟಿಂಗ್ ಸಿಸ್ಟಂ, ತಂತ್ರಾಂಶ, ಬರೆದ ಕಡತ ಮೂರೂ ಒಂದೇ ಫ್ಲಾಪಿಯಲ್ಲಿ ಹಿಡಿಯಬೇಕಿತ್ತು. ಒಂದು ಫ್ಲಾಪಿಯ ಪ್ರತಿ ಮಾಡಬೇಕೆಂದರೆ ಎರಡನ್ನೂ ಮತ್ತೆ ಮತ್ತೆ ಹಾಕಿ ತೆಗೆಯುತ್ತ ಕೂರಬೇಕಾಗಿತ್ತು. ಹೀಗಾಗಿ ಈ ಯಂತ್ರ ಕೊಂಡವರು ಬೇಗನೆ ಹುಡುಕಿಕೊಂಡು ಹೋದದ್ದು ಹೊರಗೆ ಜೋಡಿಸುವ ಎರಡನೆಯ ಫ್ಲಾಪಿ ಡ್ರೈವ್.

1985ರ ಸೆಪ್ಟೆಂಬರ್‌ನಲ್ಲಿ ಆಪಲ್ ತಾನೇ ಹೊರ ಹಾರ್ಡ್ ಡಿಸ್ಕ್ ಒಂದನ್ನು ತಂದಿತು. ಹಾರ್ಡ್ ಡಿಸ್ಕ್ 20 ಎಂಬ ಆ ಪೆಟ್ಟಿಗೆಯ ಸಾಮರ್ಥ್ಯ 20 ಎಂಬಿ, ಬೆಲೆ 1,495 ಡಾಲರ್. ಅದರ ಆಕಾರ ಮ್ಯಾಕಿಂಟಾಷ್‌ನ ತಳಕ್ಕೆ ಹೊಂದುವಂತಿತ್ತು. ಡಿಸ್ಕ್ ಕೆಳಗೆ, ಕಂಪ್ಯೂಟರ್ ಮೇಲೆ ಕೂರುತ್ತಿದ್ದುದರಿಂದ ಮೇಜಿನ ಜಾಗ ಉಳಿಯುತ್ತಿತ್ತು. ಸುಮಾರು 50 ಫ್ಲಾಪಿಗಳಷ್ಟು ಮಾಹಿತಿ ಒಂದೆಡೆ ಸೇರಿದ ಮೇಲೆ ಕಡತಗಳನ್ನು ಜೋಡಿಸಿಡುವ ಹಳೆಯ ಕ್ರಮ ಸಾಲದಾಯಿತು. ಫೋಲ್ಡರ್‌ನೊಳಗೆ ಫೋಲ್ಡರ್ ಇಡಬಲ್ಲ ಎಚ್ಎಫ್ಎಸ್ ಎಂಬ ಹೊಸ ಕಡತ ವ್ಯವಸ್ಥೆ ಮ್ಯಾಕಿಂಟಾಷ್‌ಗೆ ಬಂದದ್ದು ಈ ಹೊರ ಡಿಸ್ಕ್‌ನ ಜೊತೆಯಲ್ಲೇ. ಮುಂದೆ ಮೂರು ದಶಕಗಳ ಕಾಲ ಮ್ಯಾಕ್‌ಗಳು ನಡೆದದ್ದು ಆ ವ್ಯವಸ್ಥೆ ಮತ್ತು ಅದರ ಪರಿಷ್ಕೃತ ರೂಪದ ಮೇಲೆ ಎಂಬುದನ್ನು ನೆನೆದರೆ ಈ ಪೆಟ್ಟಿಗೆಯ ಮಹತ್ವ ತಿಳಿಯುತ್ತದೆ. ಅದರ ಕೊರತೆಯಿದ್ದುದು ಸಂಪರ್ಕದಲ್ಲಿ. ಫ್ಲಾಪಿಗೆಂದು ಮಾಡಿದ್ದ ನಿಧಾನಗತಿಯ ಪೋರ್ಟಿಗೇ ಅದನ್ನು ಜೋಡಿಸಬೇಕಾಗಿತ್ತು.

ಆ ಕೊರತೆಯನ್ನು ನೀಗಿದ್ದು 1986ರ ಜನವರಿಯಲ್ಲಿ ಬಂದ ಮ್ಯಾಕಿಂಟಾಷ್ ಪ್ಲಸ್. ಅದರ ಬೆನ್ನಿಗೆ ಸ್ಕಸಿ ಪೋರ್ಟ್ ಇತ್ತು. ಒಂದರ ಬಾಲಕ್ಕೆ ಇನ್ನೊಂದರಂತೆ ಏಳು ಸಾಧನಗಳನ್ನು ಅದಕ್ಕೆ ಕಟ್ಟಬಹುದಾಗಿತ್ತು. ಬೇರೆ ಬೇರೆ ಕಂಪನಿಗಳ ಹಾರ್ಡ್ ಡಿಸ್ಕ್, ಸ್ಕ್ಯಾನರ್‌ಗಳಿಗೆ ದಾರಿ ತೆರೆಯಿತು. ಆದರೆ ಸ್ಕಸಿಯ ಶಿಸ್ತು ಬಹಳ ಕಟ್ಟುನಿಟ್ಟು. ಪ್ರತಿ ಸಾಧನಕ್ಕೂ ಬೇರೆ ಸಂಖ್ಯೆ ಕೊಡಬೇಕು, ಸರಪಳಿಯ ಕೊನೆಗೆ ಟರ್ಮಿನೇಟರ್ ಎಂಬ ತುಂಡು ಹಾಕಬೇಕು, ಮೊದಲು ಡಿಸ್ಕ್ ಆನ್ ಮಾಡಿ ನಂತರ ಕಂಪ್ಯೂಟರ್ ಆನ್ ಮಾಡಬೇಕು. ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬಿದ್ದರೆ ಡಿಸ್ಕ್ ಕಾಣಿಸದೇ ಹೋಗಬಹುದು, ಯಂತ್ರ ಮೇಲೇಳದೆಯೂ ಇರಬಹುದು. ಡಿಸ್ಕ್ ಕೊಳ್ಳುವವರು ಸಾಮರ್ಥ್ಯದ ಜೊತೆಗೆ ಕೇಬಲ್‌ನ ಉದ್ದ, ಕೊನೆಯ ಪಿನ್‌ಗಳ ಆಕಾರವನ್ನೂ ವಿಚಾರಿಸಿಕೊಳ್ಳಬೇಕಾದ ಕಾಲ ಅದು.

ಸ್ಕಸಿಯ ಯುಗದಲ್ಲೇ ಹೊರಗೆ ತೆಗೆದು ಒಯ್ಯುವ ಕಾರ್ಟ್ರಿಜ್‌ಗಳೂ ಬಂದವು. ಸೈಕ್ವೆಸ್ಟ್ ಕಂಪನಿಯ 44 ಎಂಬಿ ಕಾರ್ಟ್ರಿಜ್ ಮುದ್ರಣ ಮತ್ತು ವಿನ್ಯಾಸದವರ ನಡುವೆ ಸಾಮಾನ್ಯ ನಾಣ್ಯದಂತೆ ಓಡಾಡಿತು: ಪುಟ ಕಟ್ಟಿದವರು ಕಾರ್ಟ್ರಿಜ್ ಕಳಿಸಿದರೆ ಫಿಲ್ಮ್ ತೆಗೆಯುವವರ ಬಳಿ ಅದೇ ಡ್ರೈವ್ ಇರುತ್ತಿತ್ತು. 1995ರಲ್ಲಿ ಮಾರುಕಟ್ಟೆಗೆ ಬಂದ ಐಒಮೆಗಾದ ಜಿಪ್ ಡ್ರೈವ್ 100 ಎಂಬಿಯ ಡಿಸ್ಕನ್ನು ಸುಮಾರು 20 ಡಾಲರಿಗೆ ಕೊಟ್ಟು ಮನೆಗಳನ್ನೂ ಹೊಕ್ಕಿತು. ಕೆಲವು ಜಿಪ್ ಡ್ರೈವ್‌ಗಳು ಟಿಕ್ ಟಿಕ್ ಸದ್ದು ಮಾಡುತ್ತ ಕೆಡತೊಡಗಿದಾಗ ಒಳಗಿದ್ದ ಮಾಹಿತಿಯೂ ಹಾಳಾಯಿತು. ಒಂದೇ ಹೊರ ಡಿಸ್ಕನ್ನು ನಂಬಿ ಕೂರುವುದು ಅಪಾಯವೆಂಬುದು ಅನೇಕರಿಗೆ ಆಗಲೇ ಅರಿವಾದದ್ದು.

1998ರ ಆಗಸ್ಟ್‌ನಲ್ಲಿ ಮಾರಾಟಕ್ಕೆ ಬಂದ ಮೊದಲ ಐಮ್ಯಾಕ್ ಹಿಂದಿನ ಕೊಂಡಿಗಳನ್ನೆಲ್ಲ ಒಮ್ಮೆಗೇ ಕಡಿಯಿತು. ಅದರಲ್ಲಿ ಫ್ಲಾಪಿ ಡ್ರೈವ್ ಇರಲಿಲ್ಲ, ಸ್ಕಸಿಯೂ ಇರಲಿಲ್ಲ. 4 ಜಿಬಿ ಹಾರ್ಡ್ ಡಿಸ್ಕ್, ಸಿಡಿಯನ್ನು ಓದಲು ಮಾತ್ರ ಬಲ್ಲ ಡ್ರೈವ್, ಎರಡು ಯುಎಸ್‌ಬಿ ಪೋರ್ಟ್‌ಗಳು ಇದ್ದವು. ಹಳೆಯ ಡಿಸ್ಕ್ ಪೆಟ್ಟಿಗೆಗಳನ್ನು ಇದಕ್ಕೆ ನೇರವಾಗಿ ಜೋಡಿಸುವಂತಿರಲಿಲ್ಲ. ಕೆಲವೇ ತಿಂಗಳಲ್ಲಿ ಅರೆಪಾರದರ್ಶಕ ನೀಲಿ ಪ್ಲಾಸ್ಟಿಕ್‌ನ ಜಿಪ್ ಡ್ರೈವ್‌ಗಳು, ಹಳೆಯ ಫ್ಲಾಪಿಯನ್ನೂ 120 ಎಂಬಿಯ ಡಿಸ್ಕನ್ನೂ ಓದಬಲ್ಲ ಸೂಪರ್‌ಡಿಸ್ಕ್ ಡ್ರೈವ್‌ಗಳು ಅಂಗಡಿಗೆ ಬಂದವು. ಬಣ್ಣ ಹೊಂದಿತು, ವೇಗ ಹೊಂದಲಿಲ್ಲ. ಆ ಕಾಲದ ಯುಎಸ್‌ಬಿಯ ಗರಿಷ್ಠ ವೇಗ ಸೆಕೆಂಡಿಗೆ 12 ಮೆಗಾಬಿಟ್. ಸೆಕೆಂಡಿಗೆ ಒಂದು ಎಂಬಿ ಸಾಗಿದರೆ ಒಳಗಿನ 4 ಜಿಬಿಯ ಪೂರ್ತಿ ಪ್ರತಿ ತೆಗೆಯಲು ಒಂದು ಗಂಟೆಗೂ ಮೀರಿ ಕಾಯಬೇಕು. ಯುಎಸ್‌ಬಿಯನ್ನು ಕೀಲಿಮಣೆ, ಪ್ರಿಂಟರ್‌ಗಳಿಗೆ ಒಗ್ಗುವಂತೆ ರೂಪಿಸಲಾಗಿತ್ತು. ಹಾರ್ಡ್ ಡಿಸ್ಕ್‌ನ ಹೊರೆ ಹೊರುವುದು ಅದರ ಮೊದಲ ಉದ್ದೇಶವಾಗಿರಲಿಲ್ಲ.

ಮರುವರ್ಷವೇ ಪರಿಹಾರ ಬಂತು. 1999ರ ಅಕ್ಟೋಬರ್‌ನ ಐಮ್ಯಾಕ್ ಡಿವಿ ಮಾದರಿಯಲ್ಲಿ ಸೆಕೆಂಡಿಗೆ 400 ಮೆಗಾಬಿಟ್ ವೇಗದ ಫೈರ್‌ವೈರ್ ಇತ್ತು, ವಿಡಿಯೊ ಸಂಕಲನದ ಐಮೂವಿ ತಂತ್ರಾಂಶ ಜೊತೆಗೇ ಬಂದಿತ್ತು. ಹೊರ ಡಿಸ್ಕ್ ಎಷ್ಟು ಅನಿವಾರ್ಯವಾಯಿತೆಂದು ಇಲ್ಲಿ ಲೆಕ್ಕ ಹಾಕಿಯೇ ನೋಡಬಹುದು. ಡಿವಿ ಕ್ಯಾಮರಾದ ಒಂದು ಗಂಟೆಯ ಚಿತ್ರೀಕರಣಕ್ಕೆ ಸುಮಾರು 13 ಜಿಬಿ ಬೇಕು. ಯಂತ್ರದೊಳಗಿನ ಡಿಸ್ಕ್ ಇದ್ದದ್ದೇ 10 ಜಿಬಿ. ಮದುವೆಯೊಂದರ ಚಿತ್ರೀಕರಣ ಒಳಗೆ ಹಿಡಿಯುತ್ತಲೇ ಇರಲಿಲ್ಲ. ಸ್ಕಸಿಯಂತೆ ಸಂಖ್ಯೆ, ಟರ್ಮಿನೇಟರ್‌ಗಳ ಕಾಟ ಫೈರ್‌ವೈರ್‌ಗೆ ಇರಲಿಲ್ಲ. ಯಂತ್ರ ಓಡುತ್ತಿರುವಾಗಲೇ ಜೋಡಿಸಬಹುದು, ಸಣ್ಣ ಡಿಸ್ಕ್‌ಗೆ ವಿದ್ಯುತ್ತೂ ಅದೇ ಕೇಬಲ್‌ನಲ್ಲಿ ಹರಿಯುತ್ತದೆ. ಆರಂಭವಾಗುವಾಗ ಟಿ ಕೀಲಿ ಒತ್ತಿ ಹಿಡಿದರೆ ಇಡೀ ಐಮ್ಯಾಕನ್ನೇ ಇನ್ನೊಂದು ಮ್ಯಾಕ್‌ಗೆ ಹೊರ ಡಿಸ್ಕ್ ಆಗಿ ಬಳಸಬಹುದಿತ್ತು. ಕೆಟ್ಟ ಯಂತ್ರದಿಂದ ಮಾಹಿತಿ ಹೊರತೆಗೆಯಲು ಇದಕ್ಕಿಂತ ಸರಳ ವಿಧಾನ ಆಗ ಬೇರೆ ಇರಲಿಲ್ಲ.

2000ದಲ್ಲಿ ರೂಪುಗೊಂಡ ಯುಎಸ್‌ಬಿ 2.0 ಕಾಗದದ ಮೇಲೆ 480 ಮೆಗಾಬಿಟ್ ಎಂದು ಸಾರಿತು. ಆದರೂ ಮ್ಯಾಕ್‌ನಲ್ಲಿ ಡಿಸ್ಕ್ ಕೆಲಸಕ್ಕೆ ಫೈರ್‌ವೈರೇ ಮುಂದಿತ್ತು. ಬೆಲೆಯ ಲಾಭ ಮಾತ್ರ ಯುಎಸ್‌ಬಿ ಕಡೆಗಿತ್ತು, ಕೊನೆಗೆ ಗೆದ್ದದ್ದೂ ಅದೇ. 2006ರಲ್ಲಿ ಇಂಟೆಲ್ ಪ್ರೊಸೆಸರ್‌ನ ಐಮ್ಯಾಕ್ ಬಂದ ಮೇಲೆ ಯುಎಸ್‌ಬಿ ಡಿಸ್ಕ್‌ನಿಂದಲೂ ಯಂತ್ರವನ್ನು ಆರಂಭಿಸಲು ಸಾಧ್ಯವಾಯಿತು. 2007ರ ಅಕ್ಟೋಬರ್‌ನಲ್ಲಿ ಟೈಮ್ ಮಷೀನ್ ಎಂಬ ಬ್ಯಾಕಪ್ ತಂತ್ರಾಂಶ ಬಂದಾಗ ಹೊರ ಡಿಸ್ಕ್‌ನ ಪಾತ್ರವೇ ಬದಲಾಯಿತು. ಡಿಸ್ಕ್ ಜೋಡಿಸಿದರೆ ಗಂಟೆಗೊಮ್ಮೆ ತಾನಾಗಿ ಬ್ಯಾಕಪ್ ನಡೆಯುತ್ತಿತ್ತು. ಒಳಗಿನ ಡಿಸ್ಕ್‌ನ ಕನಿಷ್ಠ ಎರಡರಷ್ಟು ಸಾಮರ್ಥ್ಯವಿರಬೇಕೆಂಬ ಸಲಹೆ ರೂಢಿಗೆ ಬಂದಿತು, ಅದು ಈಗಲೂ ಸರಿಯಾದದ್ದೇ. ವೇಗ ಇಲ್ಲಿ ಮುಖ್ಯವಲ್ಲದ ಕಾರಣ ಅಗ್ಗದ ತಿರುಗುವ ಹಾರ್ಡ್ ಡಿಸ್ಕ್ ಸಾಕು.

2012ರ ಕೊನೆಯಲ್ಲಿ ಬಂದ ಐಮ್ಯಾಕ್‌ನ ಅಂಚು 5 ಮಿಲಿಮೀಟರಿಗೆ ಇಳಿಯಿತು. ಪರದೆಯನ್ನು ಅಂಟಿನಿಂದ ಕೂರಿಸಲಾಯಿತು, ಸಿಡಿ ಡ್ರೈವ್ ಮತ್ತು ಫೈರ್‌ವೈರ್ ಹೋದವು, ಯುಎಸ್‌ಬಿ 3.0 ಬಂತು. 21.5 ಇಂಚಿನ ಮಾದರಿಗೆ ಲ್ಯಾಪ್‌ಟಾಪ್‌ನ, ನಿಮಿಷಕ್ಕೆ 5,400 ಸುತ್ತಿನ ನಿಧಾನದ ಡಿಸ್ಕ್ ಹಾಕಲಾಯಿತು, ಮತ್ತು 2019ರ ಮಾದರಿಯವರೆಗೂ ಅದು ಮುಂದುವರಿಯಿತು. ಅಷ್ಟು ಬೆಲೆಯ ಯಂತ್ರಕ್ಕೆ ಅಂಥ ಡಿಸ್ಕ್ ಹಾಕಿದ್ದು ಸಮರ್ಥಿಸಲಾಗದ ತೀರ್ಮಾನ. ಪರಿಣಾಮವಾಗಿ ವಿಚಿತ್ರ ಸ್ಥಿತಿಯೊಂದು ಉಂಟಾಯಿತು: ಯುಎಸ್‌ಬಿ 3.0 ಮೂಲಕ ಜೋಡಿಸಿದ ಎಸ್ಎಸ್‌ಡಿ, ಒಳಗಿನ ಡಿಸ್ಕ್‌ಗಿಂತ ಹಲವು ಪಟ್ಟು ವೇಗವಾಗಿತ್ತು. ಅಂಟು ಬಿಡಿಸುವ ಸಾಹಸಕ್ಕೆ ಇಳಿಯದೆ, ಪರದೆಯ ಹಿಂದೆ ಪುಟ್ಟ ಎಸ್ಎಸ್‌ಡಿ ಸಿಕ್ಕಿಸಿ ಅದರಿಂದಲೇ ಯಂತ್ರ ನಡೆಸಿದವರಿಗೆ ಹಳೆಯ ಐಮ್ಯಾಕ್ ಇನ್ನಷ್ಟು ವರ್ಷ ಬಾಳಿತು.

2021ರ 24 ಇಂಚಿನ ಐಮ್ಯಾಕ್‌ನ ದಪ್ಪ 11.5 ಮಿಲಿಮೀಟರ್, ಆರಂಭಿಕ ಮಾದರಿಯ ಸಂಗ್ರಹ 256 ಜಿಬಿ. ಅದು ಮುಖ್ಯ ಬೋರ್ಡ್‌ಗೇ ಬೆಸೆದುಕೊಂಡಿರುವುದರಿಂದ ಮುಂದೆ ಹೆಚ್ಚಿಸುವ ಪ್ರಶ್ನೆಯೇ ಇಲ್ಲ. ಸೆಕೆಂಡಿಗೆ 40 ಗಿಗಾಬಿಟ್‌ನ ಎರಡು ಥಂಡರ್‌ಬೋಲ್ಟ್ ಪೋರ್ಟ್‌ಗಳಿದ್ದರೂ ಎಲ್ಲ ಹೊರ ಎಸ್ಎಸ್‌ಡಿಗಳೂ ಆ ವೇಗ ಮುಟ್ಟುವುದಿಲ್ಲ. 20 ಗಿಗಾಬಿಟ್ ಎಂದು ಮಾರುವ ಯುಎಸ್‌ಬಿ 3.2 ಜೆನ್ 2×2 ಡಿಸ್ಕ್ ಈ ಐಮ್ಯಾಕ್‌ನಲ್ಲಿ 10ಕ್ಕೆ ಇಳಿಯುತ್ತದೆ. ಹೆಚ್ಚಿನ ಹಣ ವ್ಯರ್ಥ. ಫೋನ್ ಚಾರ್ಜ್ ಮಾಡುವ ಕೇಬಲ್‌ನ ತುದಿ ನೋಡಲು ಅದೇ ಆಕಾರದ್ದಾದರೂ ಅದರಲ್ಲಿ ಹಲವು ಬಾರಿ ಯುಎಸ್‌ಬಿ 2.0ರ ವೇಗವಷ್ಟೇ ಹರಿಯುತ್ತದೆ. ವಿಂಡೋಸ್ ಯಂತ್ರದೊಂದಿಗೂ ಹಂಚಿಕೊಳ್ಳುವ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಕಡತ ವ್ಯವಸ್ಥೆ, ಮ್ಯಾಕ್‌ನಲ್ಲಷ್ಟೇ ಬಳಸುವ ಎಸ್ಎಸ್‌ಡಿಗೆ 2017ರಲ್ಲಿ ಬಂದ ಎಪಿಎಫ್ಎಸ್ ಹೊಂದುತ್ತದೆ.

ಆಪಲ್‌ನ ಸ್ವಂತ ಚಿಪ್ ಇರುವ ಈ ಯಂತ್ರಗಳಲ್ಲಿ ಇನ್ನೂ ಒಂದು ಮುಖ್ಯ ಬದಲಾವಣೆಯಾಗಿದೆ. ಹೊರ ಡಿಸ್ಕ್‌ನಿಂದ ಆರಂಭಿಸಲು ಈಗಲೂ ಬರುತ್ತದೆ, ಆದರೆ ಆರಂಭದ ಮೊದಲ ಹೆಜ್ಜೆಗಳು ಒಳಗಿನ ಸಂಗ್ರಹದಿಂದಲೇ ನಡೆಯಬೇಕು. ಅದು ಕೆಟ್ಟರೆ ಹೊರಗಿನ ಡಿಸ್ಕ್ ಎಷ್ಟೇ ಸುಸ್ಥಿತಿಯಲ್ಲಿದ್ದರೂ ಯಂತ್ರ ಏಳುವುದಿಲ್ಲ. 2012ರ ಐಮ್ಯಾಕ್‌ಗೆ ಜೀವ ಕೊಟ್ಟ ಉಪಾಯ ಇಲ್ಲಿ ನಡೆಯದು. ಬ್ಯಾಕಪ್ ಡಿಸ್ಕ್‌ನಲ್ಲಿರುವ ಮಾಹಿತಿಯನ್ನು ಬೇರೆ ಯಂತ್ರಕ್ಕೆ ಇಳಿಸಿಕೊಳ್ಳಬೇಕಾಗುತ್ತದೆ.