ಲಿಥಿಯಂ ಬ್ಯಾಟರಿಗಳ ವಿಮಾನಸಾಗಣೆ

ಮತ್ತೆ ಮತ್ತೆ ವಿದ್ಯುದಾವೇಶ ಪಡೆಯಬಲ್ಲ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಅಪಾಯಕಾರಿ ಸರಕುಗಳ 9ನೆಯ ವರ್ಗದಲ್ಲಿ ಪರಿಗಣಿಸಿ, ಅಂತರರಾಷ್ಟ್ರೀಯ ನಿಯಮಗಳಿಗೆ ಅನುಸಾರವಾಗಿ ವಾಯುಮಾರ್ಗದಿಂದ ದೇಶಾಂತರಕ್ಕೆ ಒಯ್ಯುವ ಕ್ರಮ. ಬಿಡಿ ಬ್ಯಾಟರಿಗಳಿಗೆ ಯುಎನ್ 3480, ಉಪಕರಣದೊಳಗೆ ಅಥವಾ ಉಪಕರಣದೊಡನೆ ಇರುವವಕ್ಕೆ ಯುಎನ್ 3481 ಎಂಬ ಸಂಖ್ಯೆಗಳು ವಿಹಿತವಾಗಿವೆ. 1991ರಲ್ಲಿ ಈ ಬ್ಯಾಟರಿಗಳು ವಾಣಿಜ್ಯರೂಪದಲ್ಲಿ ಮಾರುಕಟ್ಟೆಗೆ ಬಂದ ತರುವಾಯ ಇವುಗಳ ಸಾಗಣೆ ವೃದ್ಧಿಹೊಂದಿತು.

ಶಾರ್ಟ್ ಸರ್ಕ್ಯೂಟಿನಿಂದಲೋ ಪೆಟ್ಟಿನಿಂದಲೋ ಒಂದು ಕೋಶದಲ್ಲಿ ಉದ್ಭವಿಸಿದ ತಾಪವು ನೆರೆಯ ಕೋಶಗಳಿಗೆ ಹಬ್ಬುತ್ತ ಹೋಗುವುದೂ, ಸರಕುಕೋಣೆಯ ಹ್ಯಾಲಾನ್ ಅನಿಲವು ಜ್ವಾಲೆಯನ್ನು ಅಡಗಿಸಿದರೂ ಆ ತಾಪಪ್ರಸರಣವನ್ನು ನಿಲ್ಲಿಸಲಾರದಿರುವುದೂ ಇದರ ಮುಖ್ಯ ಅಪಾಯಗಳು. 2010ರ ಸೆಪ್ಟೆಂಬರ್ 3ರಂದು ದುಬೈಯಲ್ಲಿ, ಲಿಥಿಯಂ ಬ್ಯಾಟರಿಗಳನ್ನೂ ಹೊತ್ತಿದ್ದ ಬೋಯಿಂಗ್ 747 ಸರಕುವಿಮಾನವೊಂದು ಅಗ್ನಿಗೀಡಾಗಿ ಪತನಹೊಂದಿ, ಅದರ ಇಬ್ಬರು ಚಾಲಕರೂ ಮೃತರಾದರು.

2016ರ ಏಪ್ರಿಲ್ 1ರಿಂದ, ಬಿಡಿ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಒಯ್ಯುವುದನ್ನು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ನಿಷೇಧಿಸಿತಲ್ಲದೆ, ಸರಕುವಿಮಾನಗಳಲ್ಲಿಯೂ ಅವುಗಳ ವಿದ್ಯುತ್ಸಂಚಯವು ಸಾಮಾನ್ಯವಾಗಿ ಸಾಮರ್ಥ್ಯದ ಶೇ. 30ನ್ನು ಮೀರಕೂಡದೆಂದು ವಿಧಿಸಿತು. ಬ್ಯಾಟರಿಯ ಮಾದರಿಯು ಎತ್ತರ, ಉಷ್ಣ, ಕಂಪನ, ಆಘಾತ ಮೊದಲಾದ ಯುಎನ್ 38.3 ಪರೀಕ್ಷೆಗಳಲ್ಲಿ ಉತ್ತೀರ್ಣವಾಗಿರತಕ್ಕದ್ದು. ಪೂರ್ಣ ನಿಯಮಗಳಿಗೊಳಪಡುವ ಪೆಟ್ಟಿಗೆಯ ವಜ್ರಾಕೃತಿಯ ಚೀಟಿಯ ಮೇಲರ್ಧದಲ್ಲಿ ಏಳು ಕಪ್ಪು ಲಂಬಪಟ್ಟಿಗಳೂ, ಕೆಳಗೆ ಜ್ವಾಲೆ ಕಾರುವ ಒಡೆದ ಬ್ಯಾಟರಿಯ ಚಿತ್ರವೂ, 9ರ ಅಂಕವೂ ಇರುತ್ತವೆ. ಮೊಬೈಲ್, ಲ್ಯಾಪ್‌ಟಾಪ್ ಮುಂತಾದವುಗಳ ಜಾಗತಿಕ ವಾಣಿಜ್ಯವು ಈ ವ್ಯವಸ್ಥೆಯನ್ನು ಅವಲಂಬಿಸಿದೆ.