ಬಿಳಿ ಫ್ಲಾನೆಲ್ ಸೂಟು ಮತ್ತು ಪೆಟ್ಟಿಗೆಯ ಬೀಗದ ಕೈ

ಮನೆಯಲ್ಲಿ ಯಾರಾದರೂ ಫಾರಿನ್ನಿಗೆ ಹೊರಟರೆ ಸೂಟ್‌ಕೇಸ್ ತುಂಬುವವರು ಹೋಗುವವರಲ್ಲ, ಉಳಿಯುವವರು. ಗಮನಿಸಿದ್ದೀರಾ? ಅಮ್ಮ ಚಟ್ನಿಪುಡಿ, ಹುಳಿಪುಡಿ ಕಟ್ಟಿಕೊಡುತ್ತಾರೆ. ಅತ್ತೆ ಉಪ್ಪಿನಕಾಯಿ ಡಬ್ಬಕ್ಕೆ ಮೂರು ಸುತ್ತು ಪ್ಲಾಸ್ಟಿಕ್ ಸುತ್ತುತ್ತಾರೆ. ಪಕ್ಕದ ಮನೆಯವರು "ಅಲ್ಲಿ ಚಳಿ ಜಾಸ್ತಿಯಂತೆ" ಅಂತ ಒಂದು ಮಂಕಿ ಕ್ಯಾಪ್ ತಂದಿಡುತ್ತಾರೆ. ಇವರಲ್ಲಿ ಬಹಳ ಮಂದಿ ಆ ದೇಶವನ್ನು ಕಂಡವರಲ್ಲ. ಅವರ ಮನಸ್ಸಿನಲ್ಲಿ ಆ ದೇಶ ಹೇಗಿದೆಯೋ ಹಾಗೆ ಪೆಟ್ಟಿಗೆ ತುಂಬುತ್ತದೆ. ನೂರಾಮೂವತ್ತು ವರ್ಷಗಳ ಹಿಂದೆಯೂ ಹೀಗೇ ಇತ್ತು. ಅದರಿಂದ ಪೇಚಿಗೆ ಸಿಕ್ಕಿಕೊಂಡ ಇಬ್ಬರು ತಾವೇ ಬರೆದಿಟ್ಟು ಹೋಗಿದ್ದಾರೆ. ಇಬ್ಬರೂ ನಮಗೆಲ್ಲ ಗೊತ್ತಿರುವವರೇ.

ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೊರಟಾಗ ಮೋಹನದಾಸ ಗಾಂಧಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮುಂಬಯಿಯಿಂದ ಹಡಗು ಬಿಟ್ಟದ್ದು 1888ರ ಸೆಪ್ಟೆಂಬರ್ 4ಕ್ಕೆ. ಬಟ್ಟೆ ಹೊಲಿಸಿ ಸಿದ್ಧ ಮಾಡಿದವರು ಗೆಳೆಯರು. ಕೆಲವು ಹಿಡಿಸಿದವು, ಕೆಲವು ಹಿಡಿಸಲೇ ಇಲ್ಲ ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಟೈ ಅಂದರೆ ಆಗ ಅವರಿಗೆ ಆಗುತ್ತಿರಲಿಲ್ಲವಂತೆ. ಗಿಡ್ಡ ಕೋಟು ಹಾಕುವುದಂತೂ ನಾಚಿಕೆಗೇಡು ಅನ್ನಿಸುತ್ತಿತ್ತಂತೆ. ಇದರ ಜೊತೆಗೆ ದಾರಿಗೆ ಸಾಕಾಗಿ ಮಿಗುವಷ್ಟು ತಿಂಡಿ.

ಆ ತಿಂಡಿಯೇ ಅವರನ್ನು ಕಾಪಾಡಿದ್ದು. ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚ, ಚಾಕು ಫೋರ್ಕು ಹಿಡಿಯಲು ಗೊತ್ತಿಲ್ಲ, ಯಾವುದರಲ್ಲಿ ಮಾಂಸ ಇಲ್ಲ ಅಂತ ಕೇಳುವ ಧೈರ್ಯವೂ ಇಲ್ಲ. ಹಾಗಾಗಿ ಊಟದ ಮೇಜಿಗೇ ಹೋಗದೆ, ಕ್ಯಾಬಿನ್ನಿನಲ್ಲಿ ಕೂತು ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳಲ್ಲೇ ಹೆಚ್ಚುಕಡಿಮೆ ದಿನ ಕಳೆದರು. ತಿಂಡಿ ಕಟ್ಟಿದವರ ಲೆಕ್ಕ ಸರಿಯಾಗಿತ್ತು ನೋಡಿ. ಅವರಿಗೆ ಇಂಗ್ಲೆಂಡ್ ಗೊತ್ತಿಲ್ಲದಿದ್ದರೂ ಹುಡುಗ ಗೊತ್ತಿದ್ದ.

ಬಟ್ಟೆಯ ಲೆಕ್ಕ ಮಾತ್ರ ಪೂರ್ತಿ ತಪ್ಪಿತು. ಹಡಗಿನಲ್ಲಿ ಕಪ್ಪು ಸೂಟು ಹಾಕಿಕೊಂಡಿದ್ದ ಗಾಂಧಿ, ಗೆಳೆಯರು ಕೊಡಿಸಿದ್ದ ಬಿಳಿ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆಂದೇ ಜೋಪಾನವಾಗಿ ಎತ್ತಿಟ್ಟಿದ್ದರು. ಸೆಪ್ಟೆಂಬರಿನ ಕೊನೆ. ಬಿಳಿ ಬಟ್ಟೆಯಲ್ಲಿ ದಡಕ್ಕೆ ಇಳಿದು ನೋಡಿದರೆ ಅಷ್ಟು ಜನರಲ್ಲಿ ಬಿಳಿ ಹಾಕಿದವರು ತಾವೊಬ್ಬರೇ! ಸರಿ, ಹೋಟೆಲಿಗೆ ಹೋಗಿ ಬದಲಾಯಿಸೋಣ ಅಂದರೆ ಅದಕ್ಕೂ ದಾರಿಯಿಲ್ಲ. ಬೇರೆಯವರು ಮಾಡಿದ್ದನ್ನು ನೋಡಿ ಇವರೂ ಸಾಮಾನನ್ನೆಲ್ಲ, ಬೀಗದ ಕೈ ಸಮೇತ, ಗ್ರಿಂಡ್ಲೇ ಕಂಪನಿಯ ಏಜೆಂಟನ ಕೈಗೆ ಒಪ್ಪಿಸಿಬಿಟ್ಟಿದ್ದರು. ಅವತ್ತು ಶನಿವಾರ. ಮರುದಿನ ಭಾನುವಾರ, ಸಾಮಾನು ಸಿಗುವುದಿಲ್ಲ. ಲಂಡನ್ನಿನ ವಿಕ್ಟೋರಿಯಾ ಹೋಟೆಲಿನಲ್ಲಿ ಅದೇ ಬಿಳಿ ಸೂಟಿನಲ್ಲೇ ಇರಬೇಕಾಯಿತು. ನೋಡಲು ಬಂದ ಡಾ. ಮೆಹ್ತಾ ಆ ವೇಷ ಕಂಡು ನಕ್ಕರಂತೆ.

ಉಳಿದ ಬಟ್ಟೆಗಳ ಗತಿಯೂ ಅಷ್ಟೇ. ಮುಂಬಯಿ ದರ್ಜಿಯ ಕತ್ತರಿ ಲಂಡನ್ನಿಗೆ ಒಪ್ಪುವುದಿಲ್ಲ ಅಂತ ಆಮೇಲೆ ಹೊಸದಾಗಿ ಕೊಂಡರು. ಹತ್ತೊಂಬತ್ತು ಶಿಲಿಂಗಿನ ಎತ್ತರದ ಹ್ಯಾಟು, ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸಂಜೆಯ ಸೂಟು. ಸಾಲಸೋಲ ಮಾಡಿ ಕಳಿಸಿದ ಮನೆಯ ದುಡ್ಡು!

ಐದು ವರ್ಷ ಬಿಟ್ಟು ಸ್ವಾಮಿ ವಿವೇಕಾನಂದರು ಹೊರಟರು. 1893ರ ಮೇ 31ರಂದು, ಅದೇ ಮುಂಬಯಿಯಿಂದ. ಇವರದ್ದು ಪೂರ್ವದ ದಾರಿ: ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಜಪಾನ್, ಅಲ್ಲಿಂದ ಶಾಂತಸಾಗರ ದಾಟಿ ಕೆನಡಾದ ವ್ಯಾಂಕೂವರ್. ಖೇತ್ರಿಯ ರಾಜ ರೇಷ್ಮೆಯ ನಿಲುವಂಗಿ, ರುಮಾಲು ಮಾಡಿಸಿಕೊಟ್ಟಿದ್ದ. ಮದ್ರಾಸಿನಲ್ಲಿ ಚಂದಾ ಎತ್ತಿ ದುಡ್ಡು ಕೂಡಿಸಿದ್ದು ಅಳಸಿಂಗ ಪೆರುಮಾಳ್. ಅವರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲಿ. ಸ್ವಾಮೀಜಿ ದಾರಿಯಲ್ಲಿ ಯೊಕೊಹಾಮಾದಿಂದ ಇದೇ ಅಳಸಿಂಗರಿಗೆ ಒಂದು ಕಾಗದ ಬರೆದಿದ್ದಾರೆ. ವಸ್ತುಗಳನ್ನು ಇಟ್ಟುಕೊಂಡು ಕಾಯುವ ಬದುಕು ತನಗೆ ಹೊಸದು, ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತಿದೆ, ದೊಡ್ಡ ತಲೆನೋವು ಅಂತ ಅದರಲ್ಲಿ ಗೊಣಗಿದ್ದಾರೆ. ಒಂದು ದಂಡ, ಒಂದು ಕಮಂಡಲು ಹಿಡಿದು ಭಾರತ ಸುತ್ತಿದ ಸಂನ್ಯಾಸಿ ಟ್ರಂಕುಗಳನ್ನು ಎಣಿಸುತ್ತಾ ಕೂರುವುದನ್ನು ನೆನೆಸಿಕೊಂಡರೆ ನಗುವೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ.

ಇಷ್ಟೆಲ್ಲ ಸಾಮಾನಿದ್ದೂ ಬೇಕಾದದ್ದೇ ಇರಲಿಲ್ಲ. ಉತ್ತರ ಶಾಂತಸಾಗರದ ಚಳಿಗೆ ಬೆಚ್ಚನೆಯ ಬಟ್ಟೆಯಿಲ್ಲದೆ ಬಹಳ ಕಷ್ಟಪಟ್ಟೆ ಅಂತ ಅದೇ ವರ್ಷ ಆಗಸ್ಟ್ 20ರ ಕಾಗದದಲ್ಲಿ ಬರೆದಿದ್ದಾರೆ. ಜುಲೈ ತಿಂಗಳು ನೋಡಿ, ಬೇಸಿಗೆಯಲ್ಲಿ ಉಣ್ಣೆ ಯಾಕೆ ಅಂತ ನಮ್ಮವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಒಬ್ಬರಿಗೆ ಬಿಳಿ ಫ್ಲಾನೆಲ್, ಇನ್ನೊಬ್ಬರಿಗೆ ರೇಷ್ಮೆ. ಕಳಿಸುವವರು ಇಬ್ಬರ ಪೆಟ್ಟಿಗೆಯನ್ನೂ ತುಂಬಿದ್ದು ದಾರಿಗಲ್ಲ, ಎದುರಿಗಿದ್ದವರ ಕಣ್ಣಿಗೆ. ನಮ್ಮ ಹುಡುಗ ಅಲ್ಲಿ ಯಾರಿಗೂ ಕಮ್ಮಿ ಕಾಣಬಾರದು ಅನ್ನುವ ಆಸೆ. ಆ ಆಸೆಯನ್ನು ಬೈಯಲು ನನಗೆ ಮನಸ್ಸಿಲ್ಲ.

ಆ ಕಾಲದ ಹಡಗಿನ ಸಾಮಾನಿಗೆ ಒಂದು ಒಳ್ಳೆಯ ಪದ್ಧತಿ ಇತ್ತು. ಪೆಟ್ಟಿಗೆಗಳ ಮೇಲೆ "ವಾಂಟೆಡ್ ಆನ್ ವಾಯೇಜ್", "ನಾಟ್ ವಾಂಟೆಡ್ ಆನ್ ವಾಯೇಜ್" ಅಂತ ಚೀಟಿ ಅಂಟಿಸುತ್ತಿದ್ದರು. ದಾರಿಯಲ್ಲಿ ಬೇಡದ್ದು ಹಡಗಿನ ಹೊಟ್ಟೆಗೆ, ಬೇಕಾದದ್ದು ಕ್ಯಾಬಿನ್ನಿಗೆ. ಮಲಗುವ ಹಲಗೆಯ ಕೆಳಗೆ ನುಗ್ಗಲೆಂದೇ ತಗ್ಗಾದ ಕ್ಯಾಬಿನ್ ಟ್ರಂಕು ಬೇರೆ ಇತ್ತು. ಇವತ್ತಿನ ಚೆಕ್‌ಇನ್, ಹ್ಯಾಂಡ್ ಬ್ಯಾಗೇಜ್ ವಿಂಗಡಣೆಯ ಅಜ್ಜ ಇದೇ. ಚೀಟಿ ಅಂಟಿಸುವ ಮುಂಚೆ ಪ್ರತಿಯೊಂದು ವಸ್ತುವಿನ ಬಗ್ಗೆಯೂ ಇದು ಯಾವಾಗ ಬೇಕು ಅಂತ ಕೇಳಿಕೊಳ್ಳಲೇಬೇಕಿತ್ತು. ನಾವೀಗ ಆ ಪ್ರಶ್ನೆ ಬಿಟ್ಟು ಎಷ್ಟು ತೂಕ ಅಂತ ಮಾತ್ರ ಕೇಳುತ್ತೇವೆ.

1931ರಲ್ಲಿ ಗಾಂಧಿ ದುಂಡುಮೇಜಿನ ಪರಿಷತ್ತಿಗೆಂದು 'ರಾಜಪುತಾನ' ಹಡಗು ಹತ್ತಿದರು. ಜೊತೆಯವರ ಸಾಮಾನು ಬೇಕಾದ್ದಕ್ಕಿಂತ ಹೆಚ್ಚಾಗಿದೆ ಅಂತ ಕಂಡದ್ದೇ ಸಿಟ್ಟಾದರು. ಬೇಡದ ಪೆಟ್ಟಿಗೆಗಳು ಏಡನ್ನಿನಿಂದಲೇ ವಾಪಸ್ ಬಂದವು. ನಲವತ್ತಮೂರು ವರ್ಷದ ಹಿಂದಿನ ಬಿಳಿ ಸೂಟು ಅವತ್ತು ನೆನಪಾಗಿತ್ತೋ ಏನೋ!

ವಿಮಾನದ ಕಾಲ ಬಂದ ಮೇಲೆ ನಮ್ಮವರ ಸೂಟ್‌ಕೇಸಿಗೆ ಇನ್ನೊಂದು ಕಾರಣವೂ ಸೇರಿಕೊಂಡಿತು. 1960ರ ದಶಕದ ಕೊನೆ, 70ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕಕ್ಕೆ ಹೋಗುತ್ತಿದ್ದ ವಿದ್ಯಾರ್ಥಿಗಳು ಜೇಬಿನಲ್ಲಿ ಎಂಟು ಡಾಲರ್ ಇಟ್ಟುಕೊಂಡು ಇಳಿದೆವು ಅಂತ ಹೇಳುವುದನ್ನು ಕೇಳಿರುತ್ತೀರಿ. ಅದಕ್ಕೂ ಮುಂಚೆ ಇಂಗ್ಲೆಂಡಿಗೆ ಹೋದವರದ್ದು ಮೂರು ಪೌಂಡ್. ವಿದೇಶಿ ವಿನಿಮಯದ ಬರ, ಸರ್ಕಾರ ಅಷ್ಟೇ ಬಿಡುತ್ತಿತ್ತು. ದುಡ್ಡು ಒಯ್ಯುವಂತಿಲ್ಲ ಅಂದಮೇಲೆ ದುಡ್ಡು ಕೊಟ್ಟು ಕೊಳ್ಳಬೇಕಾದದ್ದನ್ನೆಲ್ಲ ಇಲ್ಲಿಂದಲೇ ಹೊರಬೇಕು. ಪ್ರೆಶರ್ ಕುಕ್ಕರ್, ಬೇಳೆ, ಪುಡಿ, ಮಾತ್ರೆ, ಹೊದಿಕೆ. ಈಗ ಆ ಕುಕ್ಕರನ್ನು ನೋಡಿ ನಗುವವರು ಈ ಲೆಕ್ಕವನ್ನು ಮರೆತಿರುತ್ತಾರೆ. ಮೊದಲ ತಿಂಗಳ ಊಟ ಅದರಲ್ಲಿತ್ತು ಸ್ವಾಮಿ! ಆ ಕಟ್ಟುಪಾಡು ಹೋಗಿ ಎಷ್ಟೋ ವರ್ಷವಾಯಿತು. ಕುಕ್ಕರ್ ಮಾತ್ರ ಇನ್ನೂ ಹೋಗುತ್ತಲೇ ಇದೆ.

ಸೂಟ್‌ಕೇಸಿಗೆ ಚಕ್ರ ಬಂದದ್ದು ಬಹಳ ತಡ. ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕನ್ನನಿಗೆ ಅದರ ಪೇಟೆಂಟ್ ಸಿಕ್ಕಿದ್ದು 1972ರಲ್ಲಿ. ಮನುಷ್ಯ ಚಂದ್ರನ ಮೇಲೆ ಇಳಿದು ಬಂದ ಮೇಲೆ! ಅಲ್ಲಿಯವರೆಗೆ ಕೂಲಿಯವನು ಹೊರುತ್ತಿದ್ದ, ಆದ್ದರಿಂದ ಒಡೆಯನಿಗೆ ಭಾರ ಗೊತ್ತಾಗಲಿಲ್ಲ ಅಂತ ನನ್ನ ಗುಮಾನಿ. ಈಗಲೂ ಒಂದು ಪೆಟ್ಟಿಗೆ 32 ಕಿಲೋ ಮೀರಬಾರದು ಅಂತ ಏರ್‌ಲೈನ್‌ಗಳು ಹೇಳುವುದು ವಿಮಾನಕ್ಕಾಗಿ ಅಲ್ಲ, ಅದನ್ನು ಎತ್ತಿಹಾಕುವವನ ಬೆನ್ನಿಗಾಗಿ.

ಹೊರಟವರು ಕೇಳಿದರೆ ನಾನು ಹೇಳುವುದು ಹಳೆಯ ಚೀಟಿಯ ಲೆಕ್ಕವನ್ನೇ. ಕೈಚೀಲದಲ್ಲಿ ಎರಡು ದಿನದ ಬಟ್ಟೆ, ಒಂದು ಸ್ವೆಟರ್, ಮಾತ್ರೆ, ಕಾಗದಪತ್ರ, ದೊಡ್ಡ ಪೆಟ್ಟಿಗೆಯ ಬೀಗದ ಕೈ. ಕೋಟು ಬೂಟು ಇಲ್ಲಿ ಹೊಲಿಸಬೇಡಿ, ಅಲ್ಲಿಯ ಚಳಿಗೆ ಅಲ್ಲಿಯದೇ ಸರಿ. ದೊಡ್ಡ ಪೆಟ್ಟಿಗೆಯನ್ನು 20 ಕಿಲೋಗೆ ನಿಲ್ಲಿಸಿ. 23ಕ್ಕೆ ಇನ್ನೂ ಮೂರು ಕಿಲೋ ಜಾಗ ಇರುತ್ತದಲ್ಲ, ಅದು ಮನೆಯವರದ್ದು. ಹಿಂದಿನ ರಾತ್ರಿ ಹೇಗೂ ಏನಾದರೂ ಬಂದೇ ಬರುತ್ತದೆ.